ತುರ್ತಿಗೆ ಇಟ್ಟಿದ್ದು, ಮುಟ್ಟಬೇಡಿ

ಚಿಕ್ಕಬಳ್ಳಾಪುರ ಜಿಲ್ಲೆಯವರು ಎತ್ತಿನಹೊಳೆ ನೀರಿಗಾಗಿ ವರ್ಷಗಟ್ಟಲೆಯಿಂದ ಕಾಯುತ್ತಿದ್ದೇವೆ. ನೀರು ಇನ್ನೂ ದಾರಿಯಲ್ಲಿದೆ. ವೈರಸ್‌ಗಳಿಗೆ ಮಾತ್ರ ಯಾವ ಪೈಪ್‌ಲೈನೂ ಬೇಕಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಇಡೀ ರಾಜ್ಯ ಗೌರಿಬಿದನೂರಿನ ಹೆಸರು ಕೇಳಿ ಬೆಚ್ಚಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ಸಿಕ್ಕಿತು. 2025ರಲ್ಲಿ ವರದಹಳ್ಳಿಯ ಕೋಳಿಗಳಿಗೆ ಹಕ್ಕಿಜ್ವರ.

ಝೀಕಾ ಸೊಳ್ಳೆಯ ಕತೆ ಗೊತ್ತಲ್ವಾ? ಹಿಡಿದದ್ದು ಆಗಸ್ಟ್‌ನಲ್ಲಿ, ವರದಿ ಬಂದದ್ದು ಅಕ್ಟೋಬರ್ ಕೊನೆಗೆ. ಸೊಳ್ಳೆಯ ಆಯಸ್ಸೇ ಕೆಲವು ವಾರ. ಅದಕ್ಕೆ ಏನಾಗಿತ್ತು ಅಂತ ಸರ್ಕಾರಕ್ಕೆ ತಿಳಿಯುವಷ್ಟರಲ್ಲಿ ಬೆಟ್ಟದಲ್ಲಿ ಉಳಿದಿದ್ದ ಅದರ ನೆಂಟರೆಲ್ಲ ಮೊಮ್ಮಕ್ಕಳನ್ನು ಕಂಡಿದ್ದರು.

ಇಷ್ಟೆಲ್ಲ ಅನುಭವಿಸಿದ ಜಿಲ್ಲೆಯಲ್ಲಿ ಮಾಸ್ಕು, ಗ್ಲೌಸು, ಪಿಪಿಇ ಕಿಟ್ಟು ಒಂದಷ್ಟು ದಾಸ್ತಾನು ಇರಬೇಕು ಅಂತೀರಿ. ಇದೆ. ಇರುವುದೇ ತೊಂದರೆ.

ಒಂದು ತಾಲ್ಲೂಕು ಆಸ್ಪತ್ರೆಯ ಸ್ಟೋರ್ ರೂಮನ್ನು ಕಣ್ಮುಂದೆ ತಂದುಕೊಳ್ಳಿ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ನಿಮ್ಮ ತಾಲ್ಲೂಕಿನದೇ ಅಂದುಕೊಂಡರೂ ಬೇಜಾರಿಲ್ಲ. ಮೇಲೆ ಶೀಟು. ಒಂದು ಮೂಲೆಯಲ್ಲಿ ಮುರಿದ ಡ್ರಿಪ್ ಸ್ಟ್ಯಾಂಡ್‌ಗಳು, ಇನ್ನೊಂದು ಮೂಲೆಯಲ್ಲಿ ಪಲ್ಸ್ ಪೋಲಿಯೊ ಬ್ಯಾನರ್‌ಗಳು. ಮಧ್ಯೆ ಗೋಡೆಗೆ ಒರಗಿಸಿಟ್ಟ ರಟ್ಟಿನ ಬಾಕ್ಸುಗಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ತುರ್ತು' ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಬಾಗಿಲಲ್ಲಿ ಟಿಬಿ ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್ ನಿಂತಿದ್ದಾರೆ.

"ಸಾರ್, ಎನ್-95 ಮಾಸ್ಕು ಬೇಕಿತ್ತು. ನಾಕು ಕೊಟ್ರೆ ಸಾಕು."

"ಎಲ್ಲಿಂದ ಕೊಡ್ಲಿ ಸಿಸ್ಟರ್? ಇಲ್ಲ."

"ಅಲ್ಲೇ ಇದಾವಲ್ಲ ಸಾರ್, ಅಷ್ಟು ಬಾಕ್ಸು!"

"ಅದಾ? ಅದು ಎಮರ್ಜೆನ್ಸಿಗೆ ಇಟ್ಟಿರೋದು."

"ಟಿಬಿ ಎಮರ್ಜೆನ್ಸಿ ಅಲ್ವಾ ಸಾರ್?"

ಸ್ಟೋರ್‌ನವರು ಕನ್ನಡಕದ ಮೇಲಿನಿಂದ ನೋಡುತ್ತಾರೆ. "ಟಿಬಿ ನಮ್ಮ ತಾತನ ಕಾಲದಿಂದ ಇದೆಯಮ್ಮ. ಅಷ್ಟು ಹಳೇದು ಎಮರ್ಜೆನ್ಸಿ ಹೆಂಗಾಗುತ್ತೆ?"

ಮಾತಿನಲ್ಲಿ ಏನೂ ತಪ್ಪಿಲ್ಲ. ಟಿಬಿ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲೇ ತೋರಿಸಿಕೊಟ್ಟ. ಜಗತ್ತಿನ ನಾಲ್ವರು ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ಒಬ್ಬರು ನಮ್ಮ ದೇಶದವರು. ಅದು ಗಾಳಿಯಲ್ಲಿ ಹರಡುತ್ತದೆ. ಔಷಧಿಗೆ ಬಗ್ಗದ ಟಿಬಿ ಇರುವ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಎನ್-95 ಇರಬೇಕು ಅಂತ ಮಾರ್ಗಸೂಚಿಯಲ್ಲೂ ಇದೆ. ಆದರೆ ಟಿಬಿ ವಿಮಾನದಲ್ಲಿ ಬರುವುದಿಲ್ಲ, ಟಿವಿಯಲ್ಲಿ ಕೆಂಪು ಪಟ್ಟಿ ಓಡಿಸುವುದಿಲ್ಲ, ದಿನಾ ಸಂಜೆ ಬುಲೆಟಿನ್ ಹೊರಡಿಸುವುದಿಲ್ಲ. ಸುಮ್ನೆ ಬಂದು ಕೊಲ್ಲುತ್ತದೆ. ಇಂಥ ಸಂಕೋಚದ ರೋಗಕ್ಕೆ ನಮ್ಮಲ್ಲಿ ಮಾಸ್ಕ್ ಮಂಜೂರಾಗುವುದಿಲ್ಲ.

ಅತ್ತ ಬಾಕ್ಸಿನೊಳಗೆ ಏನಾಗುತ್ತಿದೆ? ಎನ್-95 ಅಂದರೆ ಬರೀ ದಪ್ಪ ಬಟ್ಟೆಯಲ್ಲ. ಅದರ ಒಳಪದರದ ಪಾಲಿಪ್ರೊಪಿಲೀನ್ ಎಳೆಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟಿರುತ್ತಾರೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 95ನ್ನು ಅದು ಹಿಡಿಯಲು ಈ ಚಾರ್ಜು ಮುಖ್ಯ ಕಾರಣ. ಸೆಖೆ, ತೇವ ಜಾಸ್ತಿಯಾದರೆ ಚಾರ್ಜು ಕುಗ್ಗುತ್ತದೆ. 30 ಡಿಗ್ರಿ ಒಳಗೆ ಇಡಿ ಅಂತ ಕಂಪನಿಯವರು ಪೆಟ್ಟಿಗೆಯ ಮೇಲೆ ಥರ್ಮಾಮೀಟರ್ ಚಿತ್ರ ಹಾಕಿರುತ್ತಾರೆ. ಬಾಗೇಪಲ್ಲಿಯ ಏಪ್ರಿಲ್ ಬಿಸಿಲಿಗೆ, ಶೀಟಿನ ಕೆಳಗೆ, ಆ ಚಿತ್ರವನ್ನು ನೋಡಿದರೆ ನಗು ಬರುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಎಲಾಸ್ಟಿಕ್. ಕೆಲವು ವರ್ಷ ಕಳೆದು ಒಂದು ತೆಗೆದು ಎಳೆದು ನೋಡಿ. ಟಪ್ ಅಂತ ಕಿತ್ತು ಬರುತ್ತದೆ. ತುರ್ತು ಪರಿಸ್ಥಿತಿ ಬಂದಾಗ ಕೈಯಲ್ಲಿ ಹಿಡಿದುಕೊಂಡೇ ಓಡಾಡಬೇಕು.

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಹಳೆಯ ಬಾಕ್ಸನ್ನು ಟಿಬಿ ವಾರ್ಡಿಗೆ, ಲ್ಯಾಬಿಗೆ ದಿನದ ಕೆಲಸಕ್ಕೆ ಕೊಡುವುದು, ಖಾಲಿಯಾದಷ್ಟು ಹೊಸದನ್ನು ತರಿಸಿಡುವುದು. ಆಗ ಸಿಸ್ಟರಿಗೂ ಮಾಸ್ಕು, ತುರ್ತಿಗೂ ಮಾಸ್ಕು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದನ್ನೇ ಮೊದಲು ಕೊಡಬೇಕು ಅನ್ನುವುದು ಔಷಧ ಉಗ್ರಾಣಗಳ ಹಳೆಯ ನಿಯಮವೂ ಹೌದು. ಆದರೆ ಸ್ಟೋರ್‌ನವರ ಜಾಗದಲ್ಲಿ ನಿಂತು ಯೋಚಿಸಿ. ಇವತ್ತು ನಾಲ್ಕು ಮಾಸ್ಕು ಕೊಟ್ಟರೆ ನಾಳೆ ಆಡಿಟ್‌ನವರು ಕೇಳುತ್ತಾರೆ: ತುರ್ತು ಘೋಷಣೆ ಆಗಿತ್ತಾ? ಆದೇಶದ ನಂಬರ್ ಏನು? ಯಾರ ಬಾಯಿಮಾತಿನ ಮೇಲೆ ಕೊಟ್ಟಿರಿ? ಕೊಡದೆ ಇಟ್ಟು ಹಾಳಾದರೆ ಯಾವ ಗೊಡವೆಯೂ ಇಲ್ಲ. ಒಂದು ಸಮಿತಿ ಕೂರುತ್ತದೆ, ಕೆಲಸಕ್ಕೆ ಬಾರದ್ದು ಅಂತ ಬರೆದು ಕಂಡಮ್ ಮಾಡುತ್ತದೆ, ಎಲ್ಲರೂ ಸಹಿ ಹಾಕಿ ಟೀ ಕುಡಿದು ಏಳುತ್ತಾರೆ. ಹಾಳಾದ ಮಾಸ್ಕಿಗೆ ಸಾಕ್ಷಿಗಳಿರುತ್ತಾರೆ. ಕೊಟ್ಟ ಮಾಸ್ಕಿಗೆ ದಿಕ್ಕಿಲ್ಲ.

ನಿಜವಾದ ಪಿಪಿಇ ಹಾಕಿಕೊಂಡಿರುವುದು ಫೈಲು. ಸರ್ಜಿಕಲ್ ಮಾಸ್ಕಿಗೆ ಮೂರೇ ಪದರ. ಫೈಲಿಗೆ ಕೇಸ್ ವರ್ಕರ್, ಸೂಪರಿಂಟೆಂಡೆಂಟ್, ಲೆಕ್ಕಪತ್ರದವರು, ಖರೀದಿ ಸಮಿತಿಯವರು, ಅದರ ಮೇಲಿನವರು, ಅವರ ಮೇಲಿನವರು. ಇಷ್ಟು ಪದರ ದಾಟಿ ಯಾವ ಆಕ್ಷೇಪಣೆಯೂ ಒಳಗೆ ನುಸುಳಲಾರದು. ಯಾರಿಗೂ ಸೋಂಕು ತಗುಲುವುದಿಲ್ಲ. ಸಿಸ್ಟರ್ ಒಬ್ಬರನ್ನು ಬಿಟ್ಟು.

ಒಪ್ಪಿಗೆಯ ಮಾತಿಗೆ ಬಂದರೆ 2020 ನೆನಪಾಗದೆ ಇರುತ್ತದೆಯೇ? ಆ ವರ್ಷದ ಆರಂಭದಲ್ಲಿ ಸೋಂಕು ತಡೆಯುವ ದರ್ಜೆಯ ಕವರಾಲ್, ಅಂದರೆ ಮೈಯೆಲ್ಲ ಮುಚ್ಚುವ ಉಡುಪಿನ ತಯಾರಿಕೆ ನಮ್ಮ ದೇಶದಲ್ಲಿ ಇಲ್ಲವೆನ್ನುವಷ್ಟಿತ್ತು. ಕೋಲ್ಕತ್ತದಲ್ಲಿ ಡಾಕ್ಟರುಗಳಿಗೆ ರೇನ್‌ಕೋಟ್ ಕೊಟ್ಟರು. ಹರಿಯಾಣದಲ್ಲಿ ಒಬ್ಬ ಡಾಕ್ಟರ್ ಬೈಕಿನ ಹೆಲ್ಮೆಟ್ ಹಾಕಿಕೊಂಡು ರೋಗಿಗಳನ್ನು ನೋಡಿದರು. ಅದು ಐಎಸ್‌ಐ ಮಾರ್ಕಿನ ಹೆಲ್ಮೆಟ್ಟೇ ಆಗಿದ್ದರೆ ಆ ದಿನಗಳಲ್ಲಿ ಇದ್ದುದರಲ್ಲಿ ಅದೇ ಪ್ರಮಾಣೀಕೃತ ರಕ್ಷಣೆ. ಆಮೇಲೆ ಮಾತ್ರ ಗಾರ್ಮೆಂಟ್ಸ್‌ನ ಮಿಷನ್‌ಗಳು ತಿರುಗಿದವು. ಮೇ ಹೊತ್ತಿಗೆ ದೇಶದಲ್ಲಿ ದಿನಕ್ಕೆ ಸುಮಾರು 4.5 ಲಕ್ಷ ಕವರಾಲ್ ತಯಾರಾಗುತ್ತಿತ್ತು. ಅದರಲ್ಲಿ ಬೆಂಗಳೂರಿನದೇ ದೊಡ್ಡ ಪಾಲು. ಇದು ಹೊಲಿದವರ ಸಾಧನೆ, ಒಪ್ಪಬೇಕು. ಜಾಹೀರಾತಿನ ಫೋಟೋದಲ್ಲಿ ಹೊಲಿದವರು ಇರಲಿಲ್ಲ, ಅದೂ ಸರಿಯೇ.

ಬಟ್ಟೆಯ ಪರೀಕ್ಷೆಗೆ ಕೊಯಮತ್ತೂರಿನ ಸಿಟ್ರಾ ಎಂಬ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ಒಂದು ಯಂತ್ರವಿತ್ತು. ಕೃತಕ ರಕ್ತವನ್ನು ಬಟ್ಟೆಯ ಮೇಲೆ ಒತ್ತಡದಲ್ಲಿ ಬಿಡುತ್ತಾರೆ. ಆಚೆ ಬದಿಗೆ ಒಸರಿದರೆ ಫೇಲು. ಪಾಸಾದರೆ ಒಂದು ಕೋಡ್ ನಂಬರು. ಆ ನಂಬರನ್ನು ಪ್ರತಿ ಕಿಟ್ಟಿನ ಮೇಲೂ ಅಚ್ಚು ಹಾಕಬೇಕಿತ್ತು. ಒಳ್ಳೆಯ ವ್ಯವಸ್ಥೆ. ತೊಡಕು ಅಂದರೆ, ಪರೀಕ್ಷೆಗೆ ಹೋಗುವುದು ಒಂದು ಸ್ಯಾಂಪಲ್, ಆಸ್ಪತ್ರೆಗೆ ಬರುವುದು ಲೋಡುಗಟ್ಟಲೆ ಮಾಲು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಮಾಲು ಕೊಳ್ಳುವಾಗ ಗೂಡನ್ನು ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಆಮೇಲೆ ರೇಟು ಹಾಕುತ್ತಾರೆ. ಜೀವ ಉಳಿಸುವ ಬಟ್ಟೆ ಕೊಳ್ಳುವ ನಮ್ಮ ಸಮಿತಿಗಳು ಅಷ್ಟು ಅನುಮಾನದ ಜನ ಅಲ್ಲ. ಕಾಗದ ಸರಿಯಾಗಿದ್ದರೆ ಸಾಕು, ಬಾಕ್ಸು ತೆಗೆಯುವುದು ಕಂಡಮ್ ಮಾಡುವ ದಿನವೇ.

ಇನ್ನು ವಾಲ್ವ್ ಇರುವ ಮಾಸ್ಕು. ಮೂತಿಯ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಇತ್ತಲ್ಲ, ಅದು. ಹಾಕಿಕೊಂಡವರಿಗೆ ಆಗ ಒಂಥರಾ ಗತ್ತು, ಬರೀ ಬಟ್ಟೆ ಮಾಸ್ಕಿನವರನ್ನು ಕಂಡರೆ ಕನಿಕರ. ಎಷ್ಟೋ ಸಭೆಗಳಲ್ಲಿ ವೇದಿಕೆಯ ಮೇಲಿದ್ದವರ ಮುಖದ ಮೇಲೆ ಅದೇ. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತದೆ, ಹೊರಗೆ ಬಿಡುವ ಗಾಳಿಯನ್ನು ಹಾಗೇ ಬಿಡುತ್ತದೆ. 2020ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಇದರಿಂದ ವೈರಸ್ ಹೊರಗೆ ಹರಡುವುದು ತಪ್ಪುವುದಿಲ್ಲ ಅಂತ ಎಚ್ಚರಿಸಿದರು. ತನಗೆ ಏನೂ ಆಗಬಾರದು, ತನ್ನಿಂದ ಬೇರೆಯವರಿಗೆ ಏನಾದರೂ ಆಗಲಿ. ವೇದಿಕೆಯವರಿಗೆ ಇದಕ್ಕಿಂತ ಒಪ್ಪುವ ಮಾಸ್ಕು ಇನ್ನೊಂದು ಹುಟ್ಟಲಾರದು.

ಅದೇ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ, ಜೊತೆಗೆ ಸುರಕ್ಷತಾ ಸಾಮಗ್ರಿ. ಅವರ ಮೇಲೆ ಹೂವು ಸುರಿದದ್ದಾಗಿತ್ತು, ತಟ್ಟೆ ಬಡಿದದ್ದಾಗಿತ್ತು. ಇನ್ನೂ ಮಾಸ್ಕು ಕೇಳುತ್ತಾರೆ ಅಂದರೆ ಏನನ್ನಬೇಕು!

ಬೆಂಕಿ ಬಿದ್ದಾಗ ಬಾವಿ ತೋಡುತ್ತಾರೆ ಅಂತ ಸರ್ಕಾರವನ್ನು ಬಯ್ಯುವುದು ಅನ್ಯಾಯ. ಬೆಂಕಿ ಇಲ್ಲದಾಗ ಬಾವಿ ತೋಡಲು ಟೆಂಡರ್ ಕರೆಯಬೇಕು. ಅದಕ್ಕೆ ಸರ್ಕಾರಿ ಖರೀದಿ ಪಾರದರ್ಶಕವಾಗಿರಲಿ ಅಂತ ಮಾಡಿದ 1999ರ ಕೆಟಿಪಿಪಿ ಕಾಯ್ದೆ ಇದೆ. ಟೆಂಡರ್ ಆಗಬೇಕು, ಕಡಿಮೆ ದರ ಹಾಕಿದವನನ್ನು ಹಿಡಿಯಬೇಕು, ಅವನು ಕೈಕೊಟ್ಟರೆ ಮರುಟೆಂಡರ್ ಕರೆಯಬೇಕು. ಅಷ್ಟರಲ್ಲಿ ಮಾರ್ಚ್ 31 ಬರುತ್ತದೆ, ದುಡ್ಡು ವಾಪಸ್ ಹೋಗುತ್ತದೆ. ಬೆಂಕಿ ಬಿತ್ತೋ, ಅದೇ ಕಾಯ್ದೆಯ 4ನೇ ಕಲಂನಲ್ಲಿ ವಿನಾಯಿತಿ ಇದೆ. ಟೆಂಡರ್ ಬೇಡ. ನೆಮ್ಮದಿ ಇದ್ದಾಗ ಏನನ್ನೂ ಕೊಳ್ಳಲಾಗದಷ್ಟು ನಿಯಮ, ಗಾಬರಿ ಬಿದ್ದಾಗ ಏನನ್ನು ಬೇಕಾದರೂ ಕೊಳ್ಳುವಷ್ಟು ಸ್ವಾತಂತ್ರ್ಯ. ಕೊರೊನಾ ಕಾಲದ ಖರೀದಿಯ ಲೆಕ್ಕ ನೋಡಲು 2023ರಲ್ಲಿ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ನೇಮಕವಾಯಿತು, 2024ರ ಆಗಸ್ಟ್‌ನಲ್ಲಿ ಅದು ಮೊದಲ ವರದಿ ಕೊಟ್ಟಿತು. ಕಿಟ್ ತರಿಸಲು ಹಿಡಿದದ್ದಕ್ಕಿಂತ ಬಿಲ್ ಓದಲು ಹಿಡಿದ ಕಾಲ ಜಾಸ್ತಿ.

ನಾವೊಬ್ಬರೇ ಹೀಗೆ ಅಂತ ತಲೆ ತಗ್ಗಿಸಬೇಕಾಗಿಲ್ಲ. ಕೆನಡಾದವರು ರೆಜೈನಾ ಊರಿನ ಉಗ್ರಾಣದಲ್ಲಿ ಅವಧಿ ಮುಗಿದ ಸುಮಾರು 20 ಲಕ್ಷ ಮಾಸ್ಕುಗಳನ್ನು ಎಸೆದರು. ಯಾವ ವರ್ಷ? 2019. ಅಮೆರಿಕದವರು 2009ರ ಹಂದಿಜ್ವರಕ್ಕೆ ರಾಷ್ಟ್ರೀಯ ದಾಸ್ತಾನಿನಿಂದ ಎನ್-95 ಹಂಚಿದರು, ಮತ್ತೆ ಅಷ್ಟೇ ತುಂಬಿಡುವುದನ್ನು ಹತ್ತು ವರ್ಷ ಮರೆತರು. 2020ರಲ್ಲಿ, ಅವಧಿ ಮುಗಿದ ಕೆಲವು ಮಾಸ್ಕುಗಳನ್ನು ಹಾಕಿಕೊಳ್ಳಬಹುದು ಅಂತ ಅವರ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳಬೇಕಾಯಿತು. ಅಂದರೆ ಶ್ರೀಮಂತ ದೇಶಗಳ ಸ್ಟೋರ್‌ನಲ್ಲೂ ನಮ್ಮ ಕನ್ನಡಕದ ಯಜಮಾನರೇ ಕೂತಿದ್ದಾರೆ. ಅಲ್ಲಿ ಎಸಿ ಇದೆ, ಅಷ್ಟೇ.

ವರದಹಳ್ಳಿಯ ಹಕ್ಕಿಜ್ವರ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎತ್ತಿತು. ಕೋಳಿ ಕೊಲ್ಲುವ ತಂಡ ಪಿಪಿಇ ಹಾಕಿಕೊಳ್ಳಬೇಕು ಅಂತ ಕೇಂದ್ರದ ಕ್ರಿಯಾ ಯೋಜನೆಯಲ್ಲಿದೆ. ಕೋಳಿ ಪಶುಸಂಗೋಪನೆಯವರದು. ಕೋಳಿಯಿಂದ ಮನುಷ್ಯನಿಗೆ ಬಂದರೆ ಆರೋಗ್ಯ ಇಲಾಖೆಯದು. ವೈರಸ್ಸು ಕೋಳಿಯನ್ನು ಬಿಟ್ಟು ಮನುಷ್ಯನನ್ನು ಇನ್ನೂ ಸೇರದೆ ಗಾಳಿಯಲ್ಲಿರುವಾಗ ಕಿಟ್ಟಿನ ಖರ್ಚು ಯಾವ ಇಲಾಖೆಯ ಲೆಕ್ಕದ ಹೆಡ್‌ನಲ್ಲಿ ಬರೆಯಬೇಕು? ಇದಕ್ಕೊಂದು ಜಂಟಿ ಸಭೆ ಬೇಕು. ವೈರಸ್ಸನ್ನು ಅಲ್ಲಿಯವರೆಗೆ ಗಾಳಿಯಲ್ಲೇ ತಡೆಹಿಡಿಯಲು ಪಂಚಾಯಿತಿಗೆ ಸೂಚಿಸಬಹುದು.

ಇಷ್ಟೆಲ್ಲ ಇರುವಾಗ ಸಿದ್ಧತೆ ಪರೀಕ್ಷಿಸಲು ಅಣಕು ಡ್ರಿಲ್ ಅನ್ನುವುದೊಂದಿದೆ. 2022ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಒಂದಾಯಿತು, 2023ರ ಏಪ್ರಿಲ್‌ನಲ್ಲಿ ಇನ್ನೊಂದು. ಮುಂದಿನದು ನಮ್ಮ ಜಿಲ್ಲೆಯಲ್ಲಿ ಹೇಗೆ ನಡೆಯಬಹುದು ಅಂತ ನನ್ನದೊಂದು ಅಂದಾಜು.

ಡ್ರಿಲ್‌ಗೆ ಒಂದು ಕಿಟ್ ಬೇಕು. ಸ್ಟೋರ್‌ನವರು ಕೊಡುವುದಿಲ್ಲ. "ಎಮರ್ಜೆನ್ಸಿ ಡ್ರಿಲ್ ಅಂದ್ರೆ ಎಮರ್ಜೆನ್ಸಿ ಅಲ್ಲ ಸಾರ್, ಡ್ರಿಲ್ಲು." ಮೇಲಿನಿಂದ ಫೋನ್ ಮಾಡಿಸಿದ ಮೇಲೆ, ಇಡೀ ಜಿಲ್ಲೆಗೆ ಒಂದೇ ಕಿಟ್, ವಾಪಸ್ ಕೊಡುವ ಷರತ್ತಿನ ಮೇಲೆ ಹೊರಗೆ ಬರುತ್ತದೆ. ಪರಿಶೀಲನೆಯ ಕಾರಿಗಿಂತ ಅರ್ಧ ಗಂಟೆ ಮುಂಚೆ ಕಿಟ್ ಇರುವ ಜೀಪು ಹೊರಡುತ್ತದೆ. ಬಾಗೇಪಲ್ಲಿಯಲ್ಲಿ ಸಿಸ್ಟರ್ ಹಾಕಿಕೊಳ್ಳುತ್ತಾರೆ. ಸೈಜು ಎಕ್ಸ್‌ಎಲ್, ಬಂದವೆಲ್ಲ ಎಕ್ಸ್‌ಎಲ್ಲೇ. ಕಾಲಿನ ಕಡೆ ಮೂರು ಸುತ್ತು ಮಡಿಸಿ ಫೋಟೋ ತೆಗೆಸುತ್ತಾರೆ. ಗುಡಿಬಂಡೆಯಲ್ಲಿ ಫೋಟೋ. ಶಿಡ್ಲಘಟ್ಟದಲ್ಲಿ ಗಡಿಬಿಡಿಯಲ್ಲಿ ಗಾಗಲ್ಸ್ ತಲೆಕೆಳಗು, ಆದರೂ ಫೋಟೋ. ಚಿಂತಾಮಣಿ ಮುಟ್ಟುವಷ್ಟರಲ್ಲಿ ಕಂಕುಳ ಹತ್ತಿರ ಬಟ್ಟೆ ಬಿಟ್ಟಿರುತ್ತದೆ. ಕೈ ಕೆಳಗಿಟ್ಟುಕೊಂಡರೆ ಕಾಣುವುದಿಲ್ಲ. ಸಂಜೆಗೆ ವರದಿ ಸಿದ್ಧ: ಎಲ್ಲ ತಾಲ್ಲೂಕುಗಳಲ್ಲೂ ಪಿಪಿಇ ಲಭ್ಯ, ಸಿಬ್ಬಂದಿ ಸನ್ನದ್ಧ.

ರಾತ್ರಿ ಕಿಟ್ ಸ್ಟೋರ್‌ಗೆ ವಾಪಸ್. ಯಜಮಾನರು ಲೈಟಿಗೆ ಹಿಡಿದು ನೋಡುತ್ತಾರೆ. ಬಳಸಿದ ಕವರಾಲ್ ಆದರೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಬೇಕು, ಆದರೆ ರೋಗಿಯನ್ನು ಮುಟ್ಟಿಲ್ಲ. ಬಳಸಿಲ್ಲ ಅನ್ನೋಣ ಅಂದರೆ ಸೀಲ್ ಒಡೆದಿದೆ, ಕಂಕುಳಲ್ಲಿ ಹರಿದಿದೆ. ಕಂಡಮ್ ಮಾಡೋಣ ಅಂದರೆ ಅವಧಿ ಇನ್ನೂ ಮೂರು ವಾರ ಇದೆ. ಕೊನೆಗೆ ಹರಿದ ಕಡೆ ಅಂಟಿಸಿ ಮತ್ತೆ ತುರ್ತು ದಾಸ್ತಾನಿಗೇ ಸೇರಿಸುವುದು ಅಂತ ತೀರ್ಮಾನವಾಗಿ, ಒಂದು ರೋಲ್ ಸೆಲ್ಲೋಟೇಪಿಗೆ ಟಿಪ್ಪಣಿ ಮೇಲೆ ಹೋಗುತ್ತದೆ. ನಾಲ್ಕು ದಿನಕ್ಕೆ ಹಸಿರು ಶಾಯಿಯಲ್ಲಿ ಬರೆದುಕೊಂಡು ಫೈಲ್ ವಾಪಸ್ ಬರುತ್ತದೆ: "ಮೂರು ಕಡೆಯಿಂದ ಕೊಟೇಷನ್ ಪಡೆದು ಮಂಡಿಸಿ."