ಪೋಷಕರ ಸಭೆಯಲ್ಲಿ ಕಲಿಕೆಗೆ ಎಷ್ಟು ನಿಮಿಷ?

ಅಮೆರಿಕದ ಪ್ರಾಥಮಿಕ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಕನ್ನಡಿಗರು ಸೇರಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ಇಲ್ಲಿ ಅಪ್ಪ-ಅಮ್ಮನ್ನ ಶಾಲೆಯೊಳಗೆ ಕರ್ಕೋತಾರೆ, ನಮ್ಮೂರಲ್ಲಿ ಗೇಟಿನ ಹತ್ರಾನೇ ನಿಲ್ಲಿಸ್ತಾರೆ." ಅನುಭವದ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಆದರೆ ಕಾಯ್ದೆ ತೆರೆದು ನೋಡಿದರೆ ಪೋಷಕರ ಕೈಗೆ ಹೆಚ್ಚು ಅಧಿಕಾರ ಕೊಟ್ಟಿರುವುದು ಕರ್ನಾಟಕ. ಎರಡೂ ಕಡೆ ಸಮಿತಿಗಳಿವೆ, ಸಭೆಗಳಿವೆ, ಸಹಿಗಳಿವೆ. ಆ ಸಭೆಗಳಲ್ಲಿ ಮಗುವಿನ ಓದು, ಬರಹ, ಲೆಕ್ಕದ ಬಗ್ಗೆ ನಡೆಯುವ ಮಾತು ಮಾತ್ರ ಎರಡೂ ಕಡೆ ತೀರಾ ಕಡಿಮೆ. ಮುಂದಿನ ಎರಡು ತಿಂಗಳಲ್ಲಿ ತನ್ನ ಮಗು ಏನನ್ನು ಕಲಿಯಬೇಕು, ಈಗ ಎಲ್ಲಿದೆ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಏನು ಮಾಡಿಸಬೇಕು ಎಂಬುದು ತಾಯಿಗೋ ತಂದೆಗೋ ಗೊತ್ತಾಗದ ಸಭೆಯನ್ನು ಪಾಲುದಾರಿಕೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೊದಲು ಅಮೆರಿಕದ ಏರ್ಪಾಡು. ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಟೈಟಲ್ ಒನ್ ಎಂಬ ಹೆಸರಿನಲ್ಲಿ ಕೇಂದ್ರದ ಹಣ ಬರುತ್ತದೆ. 2015ರ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆಯ ಪ್ರಕಾರ ಈ ಬಾಬ್ತಿನಲ್ಲಿ 5 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಕನಿಷ್ಠ ಶೇ 1ರಷ್ಟನ್ನು ಪೋಷಕರ ತೊಡಗಿಸುವಿಕೆಗೆಂದೇ ತೆಗೆದಿಡಬೇಕು. ಅದರಲ್ಲಿ ಶೇ 90 ಶಾಲೆಗಳಿಗೇ ಹೋಗಬೇಕು. ಸಭೆಗೆ ಬರಲು ವಾಹನ, ಸಭೆಯ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು, ಶಿಕ್ಷಕರ ಮನೆ ಭೇಟಿ ಇವಕ್ಕೂ ಈ ಹಣ ಬಳಸಬಹುದು. ಶಾಲೆ, ಪೋಷಕರು, ವಿದ್ಯಾರ್ಥಿ ಮೂವರ ಹೊಣೆಯನ್ನೂ ಬರೆದ ಒಂದು ಒಪ್ಪಂದ ಇರಬೇಕು. ಪ್ರಾಥಮಿಕ ಶಾಲೆಯಲ್ಲಿ ವರ್ಷಕ್ಕೊಮ್ಮೆಯಾದರೂ ಶಿಕ್ಷಕರು ಪೋಷಕರ ಜತೆ ಕೂತು, ಆ ಒಪ್ಪಂದವನ್ನು ಅವರ ಮಗುವಿನ ಕಲಿಕೆಗೆ ಹೊಂದಿಸಿ ಮಾತಾಡಬೇಕು. ರಾಜ್ಯದ ಅರ್ಹತೆ ಇಲ್ಲದ ಶಿಕ್ಷಕರು ಸತತ ನಾಲ್ಕು ವಾರ ಪಾಠ ಮಾಡಿದರೆ ಅದನ್ನೂ ಮನೆಗೆ ತಿಳಿಸಬೇಕು.

ಕಾಗದದ ಮೇಲೆ ಇದೆಲ್ಲ ಚೆಂದ. ಆಗುವುದೇ ಬೇರೆ. ಒಪ್ಪಂದದ ಹಾಳೆ ಆಗಸ್ಟಿನಲ್ಲಿ ಇತರ ಹತ್ತಾರು ಫಾರಂಗಳ ಜತೆ ಮನೆಗೆ ಬರುತ್ತದೆ, ಸಹಿಯಾಗಿ ವಾಪಸ್ ಹೋಗುತ್ತದೆ, ವರ್ಷವಿಡೀ ಯಾರೂ ಅದನ್ನು ತೆಗೆಯುವುದಿಲ್ಲ. ಪೋಷಕ-ಶಿಕ್ಷಕ ಭೇಟಿಗೆ ಸಾಮಾನ್ಯವಾಗಿ ಸಿಗುವುದು 15–20 ನಿಮಿಷ. ಅದರಲ್ಲಿ ಅರ್ಧ ಪ್ರಗತಿ ಪತ್ರದ ಅಂಕೆಗಳನ್ನು ಬಿಡಿಸಿ ಹೇಳುವುದಕ್ಕೇ ಸರಿ. ಇನ್ನು ಪಿಟಿಎ, ಅಂದರೆ ಪೋಷಕ-ಶಿಕ್ಷಕ ಸಂಘದ ಶಕ್ತಿಯ ಬಹುಪಾಲು ನಿಧಿ ಸಂಗ್ರಹಕ್ಕೆ ಹೋಗುತ್ತದೆ: ಓಟದ ಸ್ಪರ್ಧೆ, ಹರಾಜು, ತಿಂಡಿ ಮಾರಾಟ. ಬಿಡುವು ಮತ್ತು ಹಣ ಇರುವ ಪೋಷಕರು ಅಲ್ಲಿ ಮಿಂಚುತ್ತಾರೆ. ಎರಡು ಪಾಳಿ ದುಡಿಯುವ ತಾಯಿ "ಆಸಕ್ತಿ ಇಲ್ಲದವಳು" ಅನ್ನಿಸಿಕೊಳ್ಳುತ್ತಾಳೆ. ಇದು ಅನ್ಯಾಯ.

ಇದಕ್ಕೆ ಇಲ್ಲೇ ಹುಟ್ಟಿದ ಒಂದು ಒಳ್ಳೆಯ ಮದ್ದಿದೆ. ಅರಿಜೋನಾ ರಾಜ್ಯದ ಫೀನಿಕ್ಸ್‌ನ ಶಾಲಾ ಜಿಲ್ಲೆಯೊಂದರಲ್ಲಿ ಮರಿಯಾ ಪರೇಡೆಸ್ ರೂಪಿಸಿದ, ಮುಂದೆ ವೆಸ್ಟ್‌ಎಡ್ ಸಂಸ್ಥೆಯ ಮೂಲಕ ಬೇರೆ ರಾಜ್ಯಗಳಿಗೂ ಹೋದ ಅಕಾಡೆಮಿಕ್ ಪೇರೆಂಟ್-ಟೀಚರ್ ಟೀಮ್ಸ್ ಪದ್ಧತಿ ಅದು. ವರ್ಷಕ್ಕೆ ಮೂರು ಸಲ ಇಡೀ ತರಗತಿಯ ಪೋಷಕರು 75 ನಿಮಿಷ ಒಟ್ಟಿಗೆ ಕೂರುತ್ತಾರೆ. ಒಂದು ಸಲ ಪ್ರತಿ ಕುಟುಂಬಕ್ಕೂ 30 ನಿಮಿಷದ ಪ್ರತ್ಯೇಕ ಭೇಟಿ. 75 ನಿಮಿಷವನ್ನು ಹೇಗೆ ಹಂಚುತ್ತಾರೆ ಎಂಬುದರಲ್ಲೇ ಇದರ ಗುಟ್ಟಿದೆ.

ಶಿಕ್ಷಕರು ಆ ಅವಧಿಗೆ ಮುಖ್ಯವಾದ ಒಂದೇ ಕೌಶಲವನ್ನು ಆರಿಸಿಕೊಂಡಿರುತ್ತಾರೆ. ಒಂದನೇ ತರಗತಿಯಲ್ಲಿ ನೋಡಿದ ಕೂಡಲೇ ಗುರುತಿಸಬೇಕಾದ ಪದಗಳು ಎಂದಿಟ್ಟುಕೊಳ್ಳಿ. ಅದು ಯಾಕೆ ಬೇಕು, ವರ್ಷದ ಕೊನೆಗೆ ಎಷ್ಟು ಬರಬೇಕು ಎಂದು ಮೊದಲು ಹೇಳುತ್ತಾರೆ. ಆಮೇಲೆ ಇಡೀ ತರಗತಿಯ ಒಂದು ನಕ್ಷೆ ತೋರಿಸುತ್ತಾರೆ. ಅದರಲ್ಲಿ ಹೆಸರುಗಳಿರುವುದಿಲ್ಲ, ಬರೀ ಸಂಖ್ಯೆಗಳು. ಪ್ರತಿ ಪೋಷಕರಿಗೂ ತಮ್ಮ ಮಗುವಿನ ಸಂಖ್ಯೆ ಮಾತ್ರ ಗೊತ್ತು. ಗುರಿ 100 ಪದ, ತರಗತಿಯ ಹೆಚ್ಚಿನವರು 50ರ ಆಸುಪಾಸು, ತನ್ನ ಮಗು 35. ಇಷ್ಟು ಕಂಡರೆ "ಚೆನ್ನಾಗಿ ಓದ್ತಾನೆ, ಸ್ವಲ್ಪ ಗಮನ ಕೊಡಬೇಕು" ಎಂಬ ಹಾರಿಕೆಯ ಮಾತಿಗೆ ಜಾಗವೇ ಉಳಿಯುವುದಿಲ್ಲ. ನಂತರ ಶಿಕ್ಷಕರು ಮನೆಯಲ್ಲಿ ಮಾಡಿಸಬೇಕಾದ ಒಂದೆರಡು ಚಟುವಟಿಕೆಗಳನ್ನು ಮಾಡಿ ತೋರಿಸುತ್ತಾರೆ, ಪೋಷಕರು ಇಬ್ಬಿಬ್ಬರಾಗಿ ಕೂತು ಅಲ್ಲೇ ಮಾಡಿ ನೋಡುತ್ತಾರೆ. ಈ ಭಾಗವನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಹೊತ್ತಾಯಿತೆಂದು ಕೈಗೆ ಹಾಳೆ ಕೊಟ್ಟು ಕಳಿಸಿದರೆ ಮನೆಯಲ್ಲಿ ಏನೂ ನಡೆಯುವುದಿಲ್ಲ, ಏಕೆಂದರೆ ಮಗು ತಪ್ಪಿದಾಗ ಏನು ಹೇಳಬೇಕೆಂಬುದು ಹಾಳೆಯಲ್ಲಿರುವುದಿಲ್ಲ. ಕೊನೆಗೆ ಪ್ರತಿ ಕುಟುಂಬವೂ 60 ದಿನದ ಗುರಿ ಬರೆದುಕೊಳ್ಳುತ್ತದೆ: 35ರಿಂದ 60 ಪದಕ್ಕೆ. ಬೇಕಾದ ಕಾರ್ಡುಗಳು ಅಂದೇ ಕೈಗೆ ಸಿಗುತ್ತವೆ.

ಕನ್ನಡಿಗ ಪೋಷಕರು ಇಂಥ ಸಭೆಗೆ ಹೋಗಲೇಬೇಕಾದ ಇನ್ನೊಂದು ಕಾರಣ ಗಣಿತ. ನಮ್ಮಲ್ಲಿ ಹೆಚ್ಚಿನವರು ಎರಡನೇ ತರಗತಿಯ ಮಗುವಿಗೆ ಮನೆಯಲ್ಲಿ ದಶಕ ತರುವ ವ್ಯವಕಲನವನ್ನು ನಾವು ಕಲಿತಂತೆ ಒಂದರ ಕೆಳಗೊಂದು ಬರೆಸಿ ಕಲಿಸುತ್ತೇವೆ. ಯಾವ ತರಗತಿಗೆ ಏನು ಬರಬೇಕೆಂದು ಹೇಳುವ, ಹಲವು ರಾಜ್ಯಗಳು ಅನುಸರಿಸುವ 2010ರ ಕಾಮನ್ ಕೋರ್ ಮಾನದಂಡದಲ್ಲಿ ಆ ಕ್ರಮದ ಸಂಕಲನ-ವ್ಯವಕಲನದಲ್ಲಿ ಹಿಡಿತ ಬರಬೇಕಾದದ್ದು ನಾಲ್ಕನೇ ತರಗತಿಯಲ್ಲಿ, ಗುಣಾಕಾರದಲ್ಲಿ ಐದನೇ ತರಗತಿಯಲ್ಲಿ, ಭಾಗಾಕಾರದಲ್ಲಿ ಆರನೇ ತರಗತಿಯಲ್ಲಿ. ಅಲ್ಲಿಯವರೆಗೆ ಮಗು ಸಂಖ್ಯಾರೇಖೆಯ ಮೇಲೆ ಹಾರುತ್ತಾ, ಸಂಖ್ಯೆಯನ್ನು ದಶಕ-ಬಿಡಿಗಳಾಗಿ ಒಡೆಯುತ್ತಾ ಲೆಕ್ಕ ಮಾಡುತ್ತದೆ. ಮನೆಯ ಕ್ರಮ ತಪ್ಪೇನಲ್ಲ, ಎರಡು ವರ್ಷ ಬೇಗ ಬಂದಿದೆ ಅಷ್ಟೇ. ಉತ್ತರ ಬರುತ್ತದೆ, ಸ್ಥಾನಬೆಲೆಯ ಅರ್ಥ ಕೂರುವುದಿಲ್ಲ. ಮಗ್ಗಿಯ ವಿಷಯದಲ್ಲಿ ಮಾತ್ರ ನಮ್ಮ ಮನೆಗಳ ಅಭ್ಯಾಸಕ್ಕೂ ಶಾಲೆಗೂ ಜಗಳವಿಲ್ಲ. ಒಂದಂಕಿಯ ಸಂಖ್ಯೆಗಳ ಗುಣಲಬ್ಧಗಳೆಲ್ಲ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಬಾಯಿಪಾಠವಾಗಿರಬೇಕೆಂದು ಅದೇ ಮಾನದಂಡ ಹೇಳುತ್ತದೆ.

ಮನೆಭಾಷೆಯ ಫಾರಂ ಬಗ್ಗೆಯೂ ಒಂದು ಮಾತು. ಮಗುವನ್ನು ಸೇರಿಸುವಾಗ "ಮನೆಯಲ್ಲಿ ಯಾವ ಭಾಷೆ" ಎಂದು ಕೇಳುತ್ತಾರೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆಂದು ಹೆದರಿ ಇಂಗ್ಲಿಷ್ ಎಂದೇ ಬರೆಯುವ ಮನೆಗಳು ಬಹಳ. ಆ ಪರೀಕ್ಷೆಯಿಂದ ಯಾವ ಕೆಡುಕೂ ಇಲ್ಲ. ಇಂಗ್ಲಿಷ್ ಬಂದರೆ ಅಲ್ಲಿಗೆ ಮುಗಿಯಿತು, ಬಾರದಿದ್ದರೆ ಹೆಚ್ಚಿನ ನೆರವು ಸಿಗುತ್ತದೆ, ಅದನ್ನು ವರ್ಷದ ಮೊದಲ 30 ದಿನದೊಳಗೆ ಮನೆಗೆ ತಿಳಿಸಲೂ ಬೇಕು. ಸುಳ್ಳು ಬರೆದರೆ ನೆರವು ಬೇಕಾದ ಮಗುವಿಗೇ ನಷ್ಟ.

ಈಗ ಕರ್ನಾಟಕ. 2001ರ ಸರ್ಕಾರಿ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ದುರ್ಬಲ ವರ್ಗಗಳಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯ ಸಮಿತಿಯಾದ ಸೈಟ್ ಕೌನ್ಸಿಲ್‌ನಲ್ಲಿ ಕನಿಷ್ಠ 10 ಜನ, ಅರ್ಧ ಸಿಬ್ಬಂದಿ, ಇನ್ನರ್ಧ ಪೋಷಕರು ಮತ್ತು ಸಮುದಾಯದವರು. ಬಹುಮತದಲ್ಲಿ, ಮಹಿಳಾ ಪ್ರಾತಿನಿಧ್ಯದಲ್ಲಿ ನಮ್ಮದೇ ಮುಂದೆ. ಆದರೆ ಆ ಕೌನ್ಸಿಲ್ ಪ್ರತಿ ವರ್ಷ ಅನುಮೋದಿಸುವ ಶಾಲಾ ಯೋಜನೆಯ ಹೆಸರಿನಲ್ಲೇ ವಿದ್ಯಾರ್ಥಿಗಳ ಸಾಧನೆ ಇದೆ. ಯಾವ ತರಗತಿ ಓದಿನಲ್ಲಿ ಎಲ್ಲಿ ಹಿಂದಿದೆ, ಅದಕ್ಕೆ ಎಷ್ಟು ಹಣ ಎಂದು ಅಲ್ಲಿ ಸಾಲು ಸಾಲಾಗಿ ಬರೆಯಬೇಕು. ನಮ್ಮ ಸಮಿತಿಗಳ ಹೊತ್ತು ಹೆಚ್ಚಾಗಿ ಕಾಂಪೌಂಡು, ಶೌಚಾಲಯ, ಬಿಸಿಯೂಟ, ಅನುದಾನದ ಲೆಕ್ಕಕ್ಕೆ ಹೋಗುತ್ತದೆ. ಅವೂ ಬೇಕು, ಸೋರುವ ಕೊಠಡಿಯಲ್ಲಿ ಯಾರೂ ಕಲಿಯಲಾರರು. ಆದರೆ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಪೋಷಕರಿಗೆ ನಿಯಮಿತವಾಗಿ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಅದನ್ನು ನೆನಪಿಸುವವರು ಕಡಿಮೆ.

ನಮ್ಮಲ್ಲಿ ಸಾಮಗ್ರಿಯ ಕೊರತೆಯಂತೂ ಇಲ್ಲ. ಮಕ್ಕಳ ಉತ್ತರ ಪತ್ರಿಕೆಗಳನ್ನು ಪೋಷಕರ ಮುಂದಿಡುವ "ಸಮುದಾಯದತ್ತ ಶಾಲೆ" ಕಾರ್ಯಕ್ರಮ ವರ್ಷಗಳಿಂದ ಇದೆ. ಅದಕ್ಕಿಂತ ದೊಡ್ಡ ಆಸ್ತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಚಿಕ್ಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ಅಲ್ಲಿನ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯುವ ಹೆಜ್ಜೆಗಳ ಪಟದಲ್ಲಿ, ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಪ್ರತಿದಿನ ಗೊತ್ತಿರುತ್ತದೆ. ಫೀನಿಕ್ಸ್‌ನವರು ಪರೀಕ್ಷೆ ಮಾಡಿ ನಕ್ಷೆ ಬರೆಯಬೇಕಾಯಿತು, ನಮ್ಮ ಒಂದರಿಂದ ಮೂರನೇ ತರಗತಿಯ ಗೋಡೆಯ ಮೇಲೆ ಅದು ಆಗಲೇ ಇದೆ. ಅದನ್ನು ಓದುವುದು ಹೇಗೆಂದು ಪೋಷಕರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ ಕೊರತೆ.

ಹಾಗೆಂದು ಅಮೆರಿಕದ ಪದ್ಧತಿಯನ್ನು ಇದ್ದಂತೆ ಎತ್ತಿ ತಂದರೆ ಮೊದಲ ಸಭೆಯಲ್ಲೇ ಕೆಡುತ್ತದೆ. 12 ಮಕ್ಕಳಿರುವ ಊರಶಾಲೆಯಲ್ಲಿ ಸಂಖ್ಯೆ ಹಾಕಿ ಹೆಸರು ಮುಚ್ಚಿದರೂ ಯಾರ ಮಗು ಕೊನೆಯಲ್ಲಿದೆ ಎಂದು ಎಲ್ಲರಿಗೂ ತಿಳಿದುಹೋಗುತ್ತದೆ. ಆ ತಾಯಿ ಮುಂದಿನ ಸಭೆಗೆ ಬರುವುದಿಲ್ಲ, ಆ ಸಂಜೆ ಮಗುವಿಗೆ ಏಟು ಬಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಚಿಕ್ಕ ಶಾಲೆಗಳಲ್ಲಿ ಎಲ್ಲರಿಗೂ ತೋರಿಸುವ ನಕ್ಷೆ ಬೇಡ. ಏಣಿಯ ಚಿತ್ರವಿರುವ ಒಂದು ಚೀಟಿಯಲ್ಲಿ ಆ ಮಗುವಿನ ಮೆಟ್ಟಿಲಿಗೆ ಮಾತ್ರ ಬಣ್ಣ ಹಚ್ಚಿ, ಮಡಚಿ, ಪೋಷಕರ ಕೈಗೇ ಕೊಡಲಿ. ನಲಿ-ಕಲಿ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳೂ ಇರುವುದರಿಂದ ಪೋಷಕರನ್ನು ಮಕ್ಕಳ ತರಗತಿ ನೋಡಿ ಕೂರಿಸದೆ, ಈಗ ಕಲಿಯುತ್ತಿರುವ ಕೌಶಲ ನೋಡಿ ಎರಡು-ಮೂರು ಗುಂಪಾಗಿ ಕೂರಿಸುವುದು ಒಳ್ಳೆಯದು.

ಕೌಶಲ ಯಾವುದಿರಬೇಕು? ಕನ್ನಡ ಓದಿನಲ್ಲಿ ಮಕ್ಕಳು ಎಡವುವ ಜಾಗ ಮೇಷ್ಟ್ರುಗಳಿಗೆಲ್ಲ ಗೊತ್ತು: ಕಾಗುಣಿತ ದಾಟಿದ ಮೇಲೆ ಬರುವ ಒತ್ತಕ್ಷರ. "ಅಕ್ಕ, ಹಬ್ಬ" ಸುಲಭ, "ಪುಸ್ತಕ, ಚಂದ್ರ" ಕಷ್ಟ, "ಸೂರ್ಯ" ಇನ್ನೂ ಕಷ್ಟ. ಅಲ್ಲಿ ಬಾಯಲ್ಲಿ "ರ" ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅರ್ಕಾವೊತ್ತು ಕೊನೆಗೆ ಬೀಳುತ್ತದೆ. ಇಂಥ ಹತ್ತು ಪದಗಳ ಹತ್ತು ರಟ್ಟಿನ ಕಾರ್ಡು ಸಾಕು. ಒಂದು ಮುಖದಲ್ಲಿ ಪದ, ಹಿಂದೆ ಚಿತ್ರ. ಮಗು ಪದದ ಕಡೆ ನೋಡಿ ಓದುತ್ತದೆ, ಅಮ್ಮ ಚಿತ್ರದ ಕಡೆ ನೋಡಿ ಸರಿಯೋ ತಪ್ಪೋ ಹೇಳುತ್ತಾಳೆ. ಅಕ್ಷರ ಬಾರದ ತಾಯಿಯೂ ಇದನ್ನು ಮಾಡಿಸಬಲ್ಲಳು. "ನಾವು ಓದಿಲ್ಲ ಸಾರ್, ನಮಗೇನು ಗೊತ್ತಾಗುತ್ತೆ" ಎಂಬ ಮಾತಿಗೆ ಕೊಡಬಹುದಾದ ಸರಿಯಾದ ಉತ್ತರ ಆ ಹತ್ತು ಕಾರ್ಡು.

ಲೆಕ್ಕಕ್ಕೆ ಬೆಂಕಿಕಡ್ಡಿಯೋ ತೆಂಗಿನ ಕಡ್ಡಿಯೋ ಸಾಕು. 42ರಲ್ಲಿ 17 ಕಳೆಯಬೇಕು. ಹತ್ತರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಎರಡರಿಂದ ಏಳು ತೆಗೆಯಲಾಗದು, ಒಂದು ಕಟ್ಟು ಬಿಚ್ಚಿದರೆ 12 ಬಿಡಿ. ಏಳು ತೆಗೆದರೆ ಐದು, ಉಳಿದ ಮೂರು ಕಟ್ಟಿನಿಂದ ಒಂದು ತೆಗೆದರೆ ಎರಡು. ಉತ್ತರ 25. ಮಗು 35 ಎಂದು ಬರೆದಿದ್ದರೆ ಏಳರಿಂದ ಎರಡು ಕಳೆದಿದೆ, ಅಂದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಅಭ್ಯಾಸದಲ್ಲಿದೆ ಎಂದರ್ಥ. ಈ ಒಂದು ತಪ್ಪನ್ನು ಗುರುತಿಸುವುದು ಹೇಗೆಂದು ಸಭೆಯಲ್ಲೇ ತೋರಿಸಬೇಕು. "ಬೈಬೇಡಿ, ಕಟ್ಟು ಬಿಚ್ಚಿಸಿ" ಎಂಬಷ್ಟೇ ಸೂಚನೆ ಪೋಷಕರ ಮನಸ್ಸಿನಲ್ಲಿ ಉಳಿದರೆ ಆ ಸಭೆ ಗೆದ್ದಂತೆ.

ಸಭೆಯ ಹೊತ್ತು ಮುಖ್ಯಶಿಕ್ಷಕರ ಅನುಕೂಲ ನೋಡಿ ಇಟ್ಟರೆ ಕೂಲಿಗೆ ಹೋಗುವವರು ಬರಲಾರರು. ಬೆಳಗ್ಗೆ 11ಕ್ಕೆ ಕರೆದರೆ ಒಂದು ದಿನದ ದುಡಿಮೆ ಹೋಗುತ್ತದೆ. ನಾಟಿ, ಕೊಯ್ಲಿನ ವಾರಗಳನ್ನು ಬಿಟ್ಟು ಮೊದಲ ಸಭೆ ಜೂನ್ ಕೊನೆಗೆ, ಎರಡನೆಯದು ದಸರಾ ರಜೆಗೆ ಮುಂಚೆ, ಮೂರನೆಯದು ಜನವರಿಯಲ್ಲಿ, ಮೂರೂ ಸಂಜೆ ಹೊತ್ತು ಇರಲಿ. ಮೊದಲ ಸಭೆಗೆ 75 ನಿಮಿಷ ಹೆಚ್ಚೆನಿಸಿದರೆ 45 ಇರಲಿ. ಸ್ವಾಗತ ಭಾಷಣ, ಹಾರ, ವೇದಿಕೆ ಬಿಟ್ಟರೆ ಅಷ್ಟರಲ್ಲೂ ಬೇಕಾದದ್ದು ಆಗುತ್ತದೆ. ಅನುದಾನ, ಕಟ್ಟಡದ ವಿಷಯ ಆ ದಿನ ಎತ್ತಬಾರದು, ಎತ್ತಿದರೆ ಉಳಿದ ಹೊತ್ತು ಅದಕ್ಕೇ ಹೋಗುತ್ತದೆ. ಅದಕ್ಕೆ ಎಸ್‌ಡಿಎಂಸಿಯ ಬೇರೆ ಸಭೆ ಇದ್ದೇ ಇದೆ. ವಾಟ್ಸ್ಆಪ್ ಗುಂಪು ಸಭೆಯ ನೆನಪೋಲೆಗೆ ಸರಿ, ಯಾವ ಮಗುವಿನ ಅಂಕವನ್ನೂ ಅಲ್ಲಿ ಹಾಕಕೂಡದು.

ಬಾರದವರ ಬಗ್ಗೆ ಶಾಲೆ ಏನು ಮಾಡುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು. 1998ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಆರಂಭವಾದ ಮನೆ ಭೇಟಿಯ ಕ್ರಮದಲ್ಲಿ ಶಿಕ್ಷಕರು ಇಬ್ಬಿಬ್ಬರಾಗಿ, ಮೊದಲೇ ಹೇಳಿ ಹೋಗುತ್ತಾರೆ. ಮೊದಲ ಭೇಟಿಯಲ್ಲಿ ದೂರು ಹೇಳುವುದಿಲ್ಲ, ಮಗುವಿನ ಬಗ್ಗೆ ನಿಮ್ಮ ಆಸೆ ಏನು ಎಂದು ಕೇಳುತ್ತಾರೆ. ಹಿಂದುಳಿದ ಮಕ್ಕಳ ಮನೆಗೆ ಮಾತ್ರ ಹೋದರೆ ಊರೆಲ್ಲ ಬೆರಳು ತೋರಿಸುತ್ತದೆ, ಅದಕ್ಕೆ ಎಲ್ಲ ಬಗೆಯ ಮನೆಗಳಿಗೂ ಹೋಗಬೇಕೆಂಬುದು ಅವರ ನಿಯಮ. ನಮ್ಮ ಮೇಷ್ಟ್ರುಗಳು ಗಣತಿಗೆ, ದಾಖಲಾತಿಗೆ ಮನೆ ಮನೆ ಸುತ್ತುವವರೇ. ಆ ಸುತ್ತಿಗೇ ಮಡಚಿದ ಚೀಟಿ ಮತ್ತು ಹತ್ತು ಕಾರ್ಡು ಸೇರಿದರೆ ಒಂದು ಮನೆಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಹತ್ತು ನಿಮಿಷವನ್ನು ಶಿಕ್ಷಕರ ಕೆಲಸದ ಹೊತ್ತೆಂದೇ ಲೆಕ್ಕ ಹಿಡಿಯುವ ಆದೇಶ ಇಲಾಖೆಯಿಂದ ಬರಬೇಕು.