ನಂತರ ನಾಟಕ ಪ್ರದರ್ಶನಗೊಂಡಿತು

ನಮ್ಮ ದಾವಣಗೆರೆಯ ಹವ್ಯಾಸಿ ತಂಡದ ಹಾಸ್ಯ ನಾಟಕದ ವರದಿ ಪೇಪರಿನಲ್ಲಿ ಓದಿದಿರಲ್ಲ? ಮೇಲೆ ದೀಪ ಬೆಳಗುವ ಫೋಟೋ. ದೀಪ ಒಂದು, ಕೈ 12. ಕೆಳಗೆ ‘ಮೊಬೈಲ್ ಹಾವಳಿಯಿಂದ ರಂಗಭೂಮಿ ಸೊರಗುತ್ತಿದೆ’ ಎಂದು ಗಣ್ಯರ ಕಳವಳ. ಆಮೇಲೆ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಕಟ್ಟಕಡೆಗೆ, ನಂತರ ನಾಟಕ ಪ್ರದರ್ಶನಗೊಂಡಿತು. ಯಾವ ನಾಟಕ? ಜನ ನಕ್ಕರಾ? ಅದೆಲ್ಲ ಯಾಕೆ ಬೇಕು ಬಿಡಿ.

ಕಳವಳಪಟ್ಟ ಗಣ್ಯರು ‘ಇನ್ನೊಂದು ಕಾರ್ಯಕ್ರಮ ಇದೆ’ ಎಂದು ಎದ್ದರು. ಅವರ ಹಿಂದೆ ಹಿಂಬಾಲಕರೂ ಎದ್ದರು. ಉಳಿದದ್ದು ಮುಂದಿನ ಸಾಲಿನ ಸೋಫಾ.

ಈ ಸೋಫಾದ ಮಹಿಮೆ ದೊಡ್ಡದು. ಶಾಮಿಯಾನದವರಿಂದ ಬಾಡಿಗೆಗೆ ಬರುತ್ತದೆ. ಬಿಳಿ ಬಟ್ಟೆ ಹೊದ್ದಿರುತ್ತದೆ. ಎದುರಿಗೆ ಟೀಪಾಯಿ, ನೀರಿನ ಬಾಟಲಿ, ತಟ್ಟೆಯಲ್ಲಿ ಗೋಡಂಬಿ. ಗಣ್ಯರು ಹೋದ ಮೇಲೂ ಅಲ್ಲಿ ಯಾರೂ ಕೂರುವಂತಿಲ್ಲ. ‘ಸಾಹೇಬ್ರು ವಾಪಸ್ ಬಂದ್ರೆ ಏನ್ರೀ ಮಾಡೋದು?’ ಎಂದು ಸ್ವಯಂಸೇವಕ ಗದರುತ್ತಾನೆ. ಅಳಿಸುವ ನಾಟಕವಾದರೆ ಹೇಗೋ ನಡೆದೀತು. ಹಾಸ್ಯಕ್ಕೆ ಎದುರಿಗೇ ಮುಖ ಬೇಕು. ಖಾಲಿ ಸೋಫಾ ದಾಟಿ ಹಿಂದಿನವರ ನಗು ಸ್ಟೇಜ್ ಮುಟ್ಟುವಷ್ಟರಲ್ಲಿ ನಟ ಮುಂದಿನ ಮಾತಿಗೆ ಹೋಗಿರುತ್ತಾನೆ.

ಚಿಂದೋಡಿ ಮನೆತನದ ನಾಟಕ ಕಂಪನಿ ಬೆಳೆದ ಊರು ಇದು. ಆ ಮನೆತನದ ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ವೃತ್ತಿ ರಂಗಭೂಮಿಗೆಂದೇ ಇರುವ ಸರ್ಕಾರಿ ರಂಗಸಂಸ್ಥೆ ರಂಗಾಯಣವೂ ಇಲ್ಲೇ ಇದೆ. ಕಂಪನಿ ನಾಟಕದಲ್ಲಿ ಟಿಕೆಟ್ ಕೊಂಡವನೇ ಗಣ್ಯ. ಬೆಲ್ ಹೊಡೆದರೆ ಪರದೆ ಏಳಲೇಬೇಕು. ಈಗ 100 ರೂಪಾಯಿ ಟಿಕೆಟ್ ಅಂದರೆ ‘ಪಾಸ್ ಇಲ್ವೇನ್ರೀ?’ ಅಂತಾರೆ. ಬೆಣ್ಣೆ ದೋಸೆಗೆ ಪಾಸ್ ಕೇಳಿದವರನ್ನು ನಾನಂತೂ ನೋಡಿಲ್ಲ.

ಸಾಕಾಗಿದೆ ಕಣ್ರೀ. ಬ್ಯಾಂಕು, ಶಾಲೆ, ಅಂಗಡಿ ಕೆಲಸ ಮುಗಿಸಿ ರಾತ್ರಿ ತಾಲೀಮು ಮಾಡುವವರು ನಮ್ಮ ಹವ್ಯಾಸಿ ತಂಡದವರು. ಲೈಟು, ಮೇಕಪ್ಪು, ಹಾಲ್ ಬಾಡಿಗೆ ಎಲ್ಲ ಕೈಯಿಂದಲೇ. ಮಾತಾಡಿ ಹೊರಟವರ ಶಾಲು, ಹಾರದ ಖರ್ಚೂ ಇವರದೇ. ರಾತ್ರಿ 10ಕ್ಕೆ ಹಾಲ್ ಬಿಡಬೇಕಲ್ಲ, ತಿಂಗಳುಗಟ್ಟಲೆ ಕಲಿತ ದೃಶ್ಯವನ್ನೇ ಕತ್ತರಿಸುತ್ತಾರೆ. ಭಾಷಣ ಕತ್ತರಿಸುವ ಧೈರ್ಯ ಯಾರಿಗೂ ಇಲ್ಲ. ಮುಂದಿನ ಸಲ ದೇಣಿಗೆಗೆ ಆ ಗಣ್ಯರ ಮನೆ ಬಾಗಿಲಿಗೇ ಹೋಗಬೇಕಲ್ಲ.

ತಂಡದವರು ಇನ್ನೊಂದು ಪ್ರದರ್ಶನಕ್ಕೆ ತಯಾರಾಗುತ್ತಿದ್ದಾರಂತೆ. ಅತಿಥಿಗಳ ಪಟ್ಟಿ ಪಕ್ಕಾ ಆಗಿದೆ. ನಾಟಕ ಯಾವುದು ಅಂತ ಇನ್ನೂ ನೋಡಬೇಕಂತೆ.