ಹೆತ್ತವರಿಗೆ ಬೈಯೋದು ಸುಲಭ ಕಣ್ರೀ

ನಿನ್ನೆ ಮದ್ದೂರು ಹತ್ತಿರ ಒಂದು ಬೀಗರೂಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಎಲ್ಲ ಚೆನ್ನಾಗಿತ್ತು, ಪಕ್ಕದ ಎಲೆಯ ಮಾತೊಂದು ಬಿಟ್ಟರೆ. ದೂರದ ಸಂಬಂಧಿ, ನಾಲೆ ಬಯಲಲ್ಲಿ ಗದ್ದೆ ಇರೋ ಯಜಮಾನರು, ಮೂಳೆ ಚೀಪುತ್ತ ಅಪ್ಪಣೆ ಕೊಡಿಸಿದರು: "ಅಲ್ಲ ಕಣಮ್ಮ, ಸಾಕಕ್ಕಾಗ್ದಿದ್ ಮೇಲೆ ಯಾಕ್ ಹೆರಬೇಕು? ಹೆತ್ತು ಬಿಸಾಕ್ತಾರೆ, ಆಮೇಲೆ ಮಕ್ಳು ಹಸ್ಕೊಂಡವೆ ಅಂತ ಗೌರ್ಮೆಂಟ್ ಮುಂದೆ ಕೈಚಾಚ್ತಾರೆ."

ಮದುವೆ ಮನೆ ಅಂತ ಸುಮ್ಮನಾದೆ. ಇಲ್ಲಿ ಸುಮ್ಮನಿರಲ್ಲ. ಮಕ್ಕಳು ಸೊರಗಿವೆಯಾ ಅಂತ ನೋಡೋಕೆ ಊರೂರು ತಿರುಗಿ ಎಳೆಗೂಸುಗಳನ್ನ ತಕ್ಕಡಿಗೆ ನೇತುಹಾಕಿ ತೂಗಿದವಳು ನಾನು.

ಅವರ ಲೆಕ್ಕವನ್ನೇ ತಗೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಪೂರ್ತಿ ಎರಡೂ ಇಲ್ಲ! ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆರೋದು ಇಷ್ಟು ಕಮ್ಮಿಯಾದ ಮೇಲೂ ಇದೆಲ್ಲಿಂದ ಬಂತು ಯಜಮಾನ್ರೇ?

ಬೆಳೆ ಸಾಲದು ಅಂತೀರಾ? 1974ರಲ್ಲಿ ಬಾಂಗ್ಲಾದೇಶದಲ್ಲಿ ಕ್ಷಾಮ ಬಿದ್ದಾಗ ಅಲ್ಲಿದ್ದ ಧಾನ್ಯ ಹಿಂದುಮುಂದಿನ ವರ್ಷಗಳಿಗಿಂತ ಜಾಸ್ತಿಯೇ ಇತ್ತು ಅಂತ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದಾರೆ. ನೆರೆ ಬಂದು ನಾಟಿ ಕೆಲಸ ನಿಂತಿತು, ಕೂಲಿ ಹೋಯಿತು, ಅಕ್ಕಿ ರೇಟು ಏರಿತು. ಅಂಗಡೀಲಿ ಅಕ್ಕಿ ಇದೆ, ಸೆರಗಿನ ಗಂಟಲ್ಲಿ ಕಾಸಿಲ್ಲ. ಸುಡಾನಿನಲ್ಲಿ 2023ರಿಂದ ಯುದ್ಧ. ಅಲ್ಲಿ ಮಕ್ಕಳು ಸೊರಗಿ ಸಾಯ್ತಿರೋದು ಅಮ್ಮಂದಿರು ಹೆಚ್ಚು ಹೆತ್ತದ್ದಕ್ಕಲ್ಲ, ಜನರನ್ನ ಹೊಲ ಬಿಡಿಸಿ ಓಡಿಸಿದ್ದಕ್ಕೆ, ನೆರವಿನ ಲಾರಿ ತಡೆದಿದ್ದಕ್ಕೆ.

ಅಷ್ಟು ದೂರ ಯಾಕೆ? ಅದೇ 2023ರಲ್ಲಿ ನಮ್ಮ ಕೆಆರ್‌ಎಸ್ ತುಂಬಲಿಲ್ಲ. ರೈತರ ಗೋಳು ಪೇಪರ್ ತುಂಬ ಬಂತು. ಬರಲೇಬೇಕು, ನಾನೂ ರೈತನ ಮಗಳೇ. ಆದರೆ ಬೆಳೆ ಪರಿಹಾರ ಬರೋದು ಪಹಣಿ ಇದ್ದವರಿಗೆ. ಅದೇ ಗದ್ದೆಗೆ ನಾಟಿಗೆ ಬರ್ತಿದ್ದ ಹೆಂಗಸಿನ ಮಗು ಆ ಬೇಸಿಗೇಲಿ ಏನು ತಿಂತು ಅಂತ ಯಾರು ಕೇಳಿದ್ರು?

ಬಳ್ಳಾರಿ ಕಡೆಯಿಂದ ಕಬ್ಬು ಕಡಿಯೋಕೆ ಬರ್ತಾರಲ್ಲ, ಒಂದ್ಸಲ ಅವರ ಗುಡಿಸಲ ಹತ್ತಿರ ಹೋಗಿ ನಿಂತ್ಕೊಳ್ಳಿ. ಬೆಳಕು ಹರಿಯೋ ಮುಂಚೆ ತಾಯಿ ಮಚ್ಚು ಹಿಡಿದು ಹೊರಟಿರ್ತಾಳೆ. ಕೂಸು ಅಕ್ಕನ ಕಂಕುಳಲ್ಲಿ. ಆ ಅಕ್ಕನೂ ಶಾಲೆಗೆ ಹೋಗಬೇಕಾದ ವಯಸ್ಸಿನವಳೇ. ಐದು ರೂಪಾಯಿ ಬಿಸ್ಕತ್ತನ್ನ ಹಾಲಿಲ್ಲದ ಟೀಯಲ್ಲಿ ಅದ್ದಿ ಅದ್ದಿ ಬಾಯಿಗಿಡ್ತಾಳೆ. ತಿಂಡಿಗೂ ಅದೇ, ಊಟಕ್ಕೂ ಅದೇ. ಕುಡಿಯೋದು ನಾಲೆ ನೀರು, ತಿಂದದ್ದೂ ಭೇದಿಯಲ್ಲಿ ಹೋಗುತ್ತೆ. ಮಗು ಎಷ್ಟು ಸೊರಗಿದೆ ಅಂತ ತೋರಿಸೋ ಬಣ್ಣದ ಟೇಪನ್ನ ತೋಳಿಗೆ ಸುತ್ತಿದರೆ ಕೆಂಪು, ಅಂದರೆ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ, ತೀವ್ರ ಅಪೌಷ್ಟಿಕತೆ. ನಿಮ್ಮ ಹೆಬ್ಬೆರಳು ತೋರುಬೆರಳು ಸೇರಿಸಿ ನೋಡಿ, ಅದರೊಳಗೆ ಆ ತೋಳು ಸಡಿಲವಾಗಿ ಆಡುತ್ತೆ. ನಿಜ ಹೇಳಲಾ? ಅಂಥ ತೋಳು ಅಳೆದು ಬಂದ ರಾತ್ರಿಯೂ ನನಗೆ ಊಟ ಸೇರ್ತಿತ್ತು. ಅಷ್ಟು ಅಭ್ಯಾಸ ಆಗಿಹೋಗಿತ್ತು.

"ಹದಿನಾಲ್ಕು ದಿನ ಆಸ್ಪತ್ರೇಲಿ ಇರಮ್ಮ, ಮಗು ಚೇತರಿಸಿಕೊಳ್ಳುತ್ತೆ" ಅಂದರೆ ಅವಳು ನೋಡೋದು ಮೇಸ್ತ್ರಿ ಮುಖ. ಮುಂಗಡ ತಗೊಂಡು ಬಂದವಳು, ಎರಡು ವಾರ ಮಚ್ಚು ಕೆಳಗಿಟ್ಟರೆ ಸಾಲ ಯಾರು ತೀರಿಸ್ತಾರೆ? ಅಂಗನವಾಡಿ ಇಲ್ವಾ ಅಂತೀರಿ. ಮಗುವಿನ ಹೆಸರು ಅವರೂರಿನ ಅಂಗನವಾಡೀಲಿದೆ, ಹೊಟ್ಟೆ ಇಲ್ಲಿದೆ. 1975ರಲ್ಲಿ ದೇಶದಲ್ಲೇ ಮೊದಲು ಈ ಯೋಜನೆ ಶುರುವಾದ 33 ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಎದೆ ಉಬ್ಬಿಸಿಕೊಳ್ಳೋಣ, ಆದರೆ ಇಷ್ಟು ವರ್ಷವಾದರೂ ಗದ್ದೆ ಬದುವಿನ ಗುಡಿಸಲಿಗೆ ಅದು ದಾರಿ ಕಂಡುಕೊಂಡಿಲ್ಲ.

ಗಂಡಂದಿರು ಕುಡಿದು ಹಾಳು ಮಾಡ್ತಾರೆ ಅಂತ ಯಾರಾದ್ರೂ ಹೇಳೇ ಹೇಳ್ತೀರಿ. ಸುಳ್ಳಲ್ಲ. ಹಾಗಾದ್ರೆ ಕುಡಿಯೋ ಜಮೀನ್ದಾರರ ಮಕ್ಕಳು ಯಾಕೆ ಡುಮ್ಮಗಿರ್ತವೆ? ಕುಡಿತ ಎರಡೂ ಮನೇಲಿದೆ, ತೋಳು ಸಣ್ಣಗಾಗೋದು ಒಂದೇ ಮನೇಲಿ.

ಇನ್ನು, ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿದ್ರು ಅಂತ ಬರೆಯೋಕೆ ಬೆರಳು ತುರಿಸ್ತಿರೋರು ಒಂದೇ ಒಂದು ದಿನ ಕಬ್ಬು ಕಡಿಯೋಕೆ ಬನ್ನಿ. ಮಚ್ಚು ನಾನೇ ಕೊಡಿಸ್ತೀನಿ, ಬಸ್ ಚಾರ್ಜೂ ನಂದೇ.